ಬೆಳಕಿನ ಲೆಕ್ಕ ಇಡುವವರು ಯಾರು?

ಶಿವಾಜಿನಗರದಲ್ಲಿರುವ ಹವಾಮಾನ ಇಲಾಖೆಯ ಕಟ್ಟಡವನ್ನು ಪುಣೆಯ ಹಿರಿಯರು ಇಂದಿಗೂ 'ಸಿಮ್ಲಾ ಆಫೀಸು' ಎಂದೇ ಕರೆಯುತ್ತಾರೆ. 1928ರಲ್ಲಿ ಸಿಮ್ಲೆಯಿಂದ ಇಲ್ಲಿಗೆ ಬಂದ ಕಚೇರಿ ಅದು. ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಪ್ರಕಟವಾಗುವ ಮುಂಗಾರಿನ ದೀರ್ಘಾವಧಿ ಮುನ್ಸೂಚನೆಯನ್ನು ಸಿದ್ಧಪಡಿಸುವುದರಲ್ಲಿ ಇಲ್ಲಿಯ ವಿಜ್ಞಾನಿಗಳ ಪಾಲು ದೊಡ್ಡದು. ಆ ಮುನ್ಸೂಚನೆಯನ್ನು ರೈತನಷ್ಟೇ ಆತಂಕದಿಂದ ಓದಬೇಕಾದ ಇನ್ನೊಬ್ಬರಿದ್ದಾರೆ. ಅವರು ಕರ್ನಾಟಕದ ಇಂಧನ ಮಂತ್ರಿಗಳು. ಲಿಂಗನಮಕ್ಕಿ, ಸೂಪಾ, ಮಾಣಿ ಜಲಾಶಯಗಳು ತುಂಬಿದ ವರ್ಷ ರಾಜ್ಯಕ್ಕೆ ಅಗ್ಗದ ವಿದ್ಯುತ್ತು ದೊರೆಯುತ್ತದೆ. ತುಂಬದ ವರ್ಷ ಅನ್ಯರ ಬಾಗಿಲು ಬಡಿಯಬೇಕು.

2023ರಲ್ಲಿ ಆದದ್ದು ಇದೇ. ಆ ವರ್ಷದ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಮಳೆಗಾಲದಲ್ಲಿ ಸುಮ್ಮನಿರಬೇಕಾದ ಪಂಪ್‌ಸೆಟ್ಟುಗಳು ಬೇಸಿಗೆಯಂತೆ ಓಡತೊಡಗಿದವು. ಇತ್ತ ಜಲಾಶಯಗಳು ಬರಿದು, ಅತ್ತ ಬೇಡಿಕೆ ಏರುಮುಖ. ರೈತರಿಗೆ ಕೊಡುತ್ತೇವೆಂದ ಏಳು ಗಂಟೆಯ ತ್ರೀ ಫೇಸ್ ವಿದ್ಯುತ್ತು ಐದು ಗಂಟೆಗೆ ಇಳಿಯಿತು. ಅದೂ ಎಷ್ಟು ಹೊತ್ತಿಗೆ ಬರುವುದೆಂಬ ಖಾತ್ರಿಯಿಲ್ಲ. ಅಕ್ಟೋಬರ್ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯೊಂದನ್ನು ಹಗ್ಗದಿಂದ ಬಿಗಿದು, ಟ್ರ್ಯಾಕ್ಟರಿಗೆ ಹೇರಿಕೊಂಡು, ವಿದ್ಯುತ್ ಉಪಕೇಂದ್ರದ ಅಂಗಳಕ್ಕೇ ತಂದು ಇಳಿಸಿದರು. ರಾತ್ರಿ ಹೊತ್ತು ನೀರು ಹಾಯಿಸಲು ಹೋದವನನ್ನು ಇದು ಕಚ್ಚಿದ್ದರೆ ಹೊಣೆ ಯಾರದು ಎಂಬುದು ಅವರ ಪ್ರಶ್ನೆ. ಪತ್ರಿಕೆಗಳು ಅದನ್ನೊಂದು ವಿನೋದದ ಸುದ್ದಿಯಾಗಿ ಅಚ್ಚು ಹಾಕಿದವು. ನಮಗೆ ನಗು ಬರಲಿಲ್ಲ. ಈ ಸಂಘದ ಸದಸ್ಯರಲ್ಲಿ ಎಷ್ಟೋ ಮಂದಿಯ ತಂದೆ, ಅಣ್ಣತಮ್ಮಂದಿರು ಇಂದಿಗೂ ಕೃಷ್ಣೆ, ಭೀಮೆಯರ ದಂಡೆಯಲ್ಲಿದ್ದಾರೆ. ರಾತ್ರಿ ಹತ್ತಕ್ಕೆ ಊರಿಗೆ ಫೋನು ಮಾಡಿದರೆ, "ಕರೆಂಟು ಬಂತು, ಅಪ್ಪ ಹೊಲಕ್ಕೆ ಹೋದ" ಎಂಬ ಮಾತನ್ನು ಕೇಳಿ ಫೋನು ಕೆಳಗಿಟ್ಟವರಿಗೆ ಆ ರಾತ್ರಿಯ ನಿದ್ದೆ ಎಂಥದೆಂದು ಗೊತ್ತು.

ಸರಕಾರ ಕೈಕಟ್ಟಿ ಕೂತಿತ್ತೆಂದು ನಾವು ಹೇಳುವುದಿಲ್ಲ. 2003ರ ವಿದ್ಯುಚ್ಛಕ್ತಿ ಕಾಯಿದೆಯ 11ನೆಯ ಕಲಮನ್ನು ಪ್ರಯೋಗಿಸಿ, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಮಾರಬೇಕೆಂದು ಆಜ್ಞೆ ಮಾಡಲಾಯಿತು. ಪಂಜಾಬ್, ಉತ್ತರ ಪ್ರದೇಶಗಳಿಂದ ಕೈಗಡ ತರಲಾಯಿತು. ಈಗ ಕೊಡಿ, ಮಳೆಗಾಲದಲ್ಲಿ ಹಿಂದಿರುಗಿಸುತ್ತೇವೆ ಎಂಬ ಕರಾರು. ನೆರೆಮನೆಯಿಂದ ಸೇರು ಅಕ್ಕಿ ತಂದು ಸುಗ್ಗಿಗೆ ತೀರಿಸುವ ಹಳೆಯ ಪದ್ಧತಿಯೇ ಇದು, ತಪ್ಪಲ್ಲ. ಆದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದನ್ನು ಎಷ್ಟು ವರ್ಷ ಮಾಡುವುದು? ಇದಕ್ಕೆ ಕೆಲವೇ ವರ್ಷ ಹಿಂದೆ ಇದೇ ರಾಜ್ಯ ವಿದ್ಯುತ್ ಹೆಚ್ಚಾಯಿತೆಂದು ಬೀಗಿತ್ತು. ಮಳೆ ಚೆನ್ನಾಗಿತ್ತು, ಪಾವಗಡದ ಸೌರ ಫಲಕಗಳು ಬೆಳಗುತ್ತಿದ್ದವು. ರಾಯಚೂರು, ಬಳ್ಳಾರಿ, ಯರಮರಸಿನ ಸರಕಾರಿ ಶಾಖೋತ್ಪನ್ನ ಘಟಕಗಳು ತಿಂಗಳುಗಟ್ಟಲೆ ತಣ್ಣಗೆ ನಿಂತಿದ್ದವು. ನಿಂತ ಘಟಕಕ್ಕೂ ಸ್ಥಿರವೆಚ್ಚವಿದೆ, ಸಾಲದ ಬಡ್ಡಿಯಿದೆ. ಅದು ಗ್ರಾಹಕನ ಬಿಲ್ಲಿನಲ್ಲಿ ಸೇರಿಕೊಳ್ಳುತ್ತದೆ. ಒಂದು ವರ್ಷ ಹೊಟ್ಟೆಯುಬ್ಬರ, ಇನ್ನೊಂದು ವರ್ಷ ಉಪವಾಸ.

ಆದುದರಿಂದ ಕರ್ನಾಟಕಕ್ಕೆ ಬೇಕಾದದ್ದು ಇನ್ನೊಂದು ಸ್ಥಾವರದ ಶಂಕುಸ್ಥಾಪನೆಗಿಂತ ಮೊದಲು, ಇಪ್ಪತ್ತು ಇಪ್ಪತ್ತೈದು ವರ್ಷಗಳ ಮುಂದನ್ನು ನೋಡಿ ಲೆಕ್ಕ ಹಾಕುವ ಒಂದು ಸ್ಥಾಯೀ ಕಾರ್ಯಪಡೆ. ಶಂಕರ ಶರ್ಮ ಅವರಂಥ ವಿದ್ಯುತ್ ನೀತಿಯ ವಿಶ್ಲೇಷಕರು ಮಲೆನಾಡಿನ ಅನುಭವದಿಂದ, ಇಡೀ ವಿದ್ಯುತ್ ವ್ಯವಸ್ಥೆಯನ್ನು ಒಟ್ಟಾಗಿ ನೋಡುವ ಯೋಜನೆ ಬೇಕೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಆ ಬೇಡಿಕೆಗೆ ಹೊರನಾಡಿನಿಂದಲೂ ಒಂದು ದನಿ ಸೇರಬೇಕೆಂಬುದು ಈ ಸಂಪಾದಕೀಯದ ಉದ್ದೇಶ.

ಲೆಕ್ಕ ಹಾಕಿ ನಡೆಯುವುದು ನಮ್ಮ ನಾಡಿಗೆ ಹೊಸತಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿದಾಗ ಅದು ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲೊಂದು. ಕಾವೇರಿಯ ಹರಿವು ಬೇಸಿಗೆಯಲ್ಲಿ ತಗ್ಗಿದರೆ ಗಣಿಯ ಯಂತ್ರಗಳೂ ನಿಧಾನವಾಗುತ್ತಿದ್ದವು. ಇದೇ ಶಿವಾಜಿನಗರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, 1903ರಲ್ಲಿ ಖಡಕ್‌ವಾಸಲೆಯ ಕಟ್ಟೆಗೆ ತಮ್ಮ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿ ಹೋದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು, ಮೈಸೂರಿನ ಮುಖ್ಯ ಇಂಜಿನಿಯರರಾಗಿ ಕನ್ನಂಬಾಡಿಯ ಕಟ್ಟೆಗೆ ಹಣ ಕೇಳಿದಾಗ ಮುಂದಿಟ್ಟ ವಾದಗಳಲ್ಲಿ ಇದು ಮುಖ್ಯವಾಗಿತ್ತು: ನೀರನ್ನು ಹಿಡಿದಿಟ್ಟರೆ ವರ್ಷವಿಡೀ ಒಂದೇ ಪ್ರಮಾಣದ ವಿದ್ಯುತ್ತು ಸಿಗುತ್ತದೆ, ಗಣಿಯಿಂದ ಬರುವ ಆದಾಯ ಕಟ್ಟೆಯ ವೆಚ್ಚವನ್ನು ಹೊರುತ್ತದೆ. ನೀರಾವರಿ, ವಿದ್ಯುತ್ತು, ಬೊಕ್ಕಸ ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದು ಕೂಡಿಸಿದ ಲೆಕ್ಕ ಅದು. 1934ರಲ್ಲಿ ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕವನ್ನೇ ಬರೆದವರು ಅವರು. ಕನ್ನಂಬಾಡಿಯ ನೀರಲ್ಲಿ ಮುಳುಗಿದ ಹಳ್ಳಿಗಳು ಆ ಹಾಳೆಯ ಯಾವ ಅಂಕಣದಲ್ಲಿದ್ದವು ಎಂಬ ಪ್ರಶ್ನೆ ಬೇರೆ; ಅದನ್ನೂ ಕೇಳಬೇಕಾದ ಕಾಲ ಇದು.

ಈಚಿನ ಕಥೆ ಇನ್ನೂ ಸ್ವಾರಸ್ಯದ್ದು, ಮತ್ತು ಕನ್ನಡಿಗರಿಗೇ ಹೆಚ್ಚು ಗೊತ್ತಿಲ್ಲದ್ದು. 1987ರಲ್ಲಿ ಕರ್ನಾಟಕ ಸರಕಾರದ ಸಮಿತಿಯೊಂದು ವಿದ್ಯುತ್ ಯೋಜನೆಗಳಿಗೆ ದೀರ್ಘಾವಧಿಯ ನಕ್ಷೆಯೊಂದನ್ನು ರಚಿಸಿತು. 2000ದ ವೇಳೆಗೆ ರಾಜ್ಯಕ್ಕೆ ಸುಮಾರು 9,400 ಮೆಗಾವ್ಯಾಟ್ ಸಾಮರ್ಥ್ಯ ಬೇಕಾಗುತ್ತದೆ ಎಂಬುದು ಅದರ ಅಂದಾಜು. ಅದಕ್ಕೆ ತಗಲುವ ಬಂಡವಾಳ ರಾಜ್ಯದ ಶಕ್ತಿಯನ್ನು ಮೀರಿದ್ದು. ಅಷ್ಟು ಸುರಿದ ಮೇಲೂ ಕೊರತೆ ಉಳಿಯುತ್ತದೆ ಎಂದು ಅದೇ ವರದಿ ಒಪ್ಪಿಕೊಂಡಿತ್ತು! ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರೊ. ಅಮೂಲ್ಯ ರೆಡ್ಡಿಯವರು, 1974ರಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದವರು, ತಮ್ಮ ಸಂಗಡಿಗರೊಂದಿಗೆ ಈ ಲೆಕ್ಕವನ್ನು ಬುಡಮೇಲು ಮಾಡಿದರು. 1991ರಲ್ಲಿ ಪ್ರಕಟವಾದ ಅವರ ಬದಲಿ ನಕ್ಷೆಗೆ 'ಡಿಫೆಂಡಸ್' ಎಂದು ಹೆಸರು. ಅವರು ಕೇಳಿದ ಪ್ರಶ್ನೆ ಸರಳ. ಜನರಿಗೆ ಬೇಕಾದದ್ದು ಕಿಲೋವ್ಯಾಟ್ ಗಂಟೆಗಳೋ, ಅಥವಾ ಬೆಳಕು, ಬಿಸಿನೀರು, ಹೊಲಕ್ಕೆ ಹಾಯುವ ನೀರೋ? ಬೇಕಾದದ್ದು ಎರಡನೆಯದಾದರೆ, ಅದನ್ನು ಅತಿ ಕಡಿಮೆ ವೆಚ್ಚದಲ್ಲಿ ಒದಗಿಸುವ ದಾರಿ ಯಾವುದು? ಶಾಖದ ಬಲ್ಬಿನ ಬದಲು ಮಿತವ್ಯಯದ ದೀಪ, ಬಚ್ಚಲಮನೆಯ ಗೀಜರಿನ ಬದಲು ಸೂರ್ಯನ ಬಿಸಿ, ಪಂಪ್‌ಸೆಟ್ಟಿನ ಫುಟ್‌ವಾಲ್ವು ಮತ್ತು ಪೈಪುಗಳ ಸುಧಾರಣೆ, ಸಕ್ಕರೆ ಕಾರಖಾನೆಯ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತು, ಹಳ್ಳಿಯಲ್ಲೇ ಸಣ್ಣ ಉತ್ಪಾದನೆ, ಇವುಗಳ ಮೇಲೆ ನಿಂತ ಅವರ ನಕ್ಷೆಗೆ ಸಮಿತಿ ಹೇಳಿದ ಸಾಮರ್ಥ್ಯದಲ್ಲಿ ಶೇಕಡಾ 42ರಷ್ಟು, ಶಕ್ತಿಯಲ್ಲಿ ಶೇಕಡಾ 38ರಷ್ಟು ಸಾಕಾಗುತ್ತಿತ್ತು. ವಿದ್ಯುತ್ತಿಲ್ಲದ ಮನೆಗಳಿಗೆಲ್ಲ ದೀಪ ಕೊಟ್ಟೂ ಇಷ್ಟು.

2000 ಬಂತು. ರಾಜ್ಯದ ಸಾಮರ್ಥ್ಯ 9,400ರ ಹತ್ತಿರಕ್ಕೂ ಬಂದಿರಲಿಲ್ಲ. ರೆಡ್ಡಿಯವರು ಹೇಳಿದ ಮಿತವ್ಯಯವೂ ಆಗಿರಲಿಲ್ಲ. ಎರಡೂ ದಾರಿಯನ್ನು ಬಿಟ್ಟು ನಡುವಿನ ಕತ್ತಲಲ್ಲಿ ನಿಂತವರು ನಾವು. ಆಮೇಲೆ ಅವರ ಒಂದೊಂದೇ ಸಲಹೆ ಬಿಡಿಬಿಡಿಯಾಗಿ, ಹೆಸರಿಲ್ಲದೆ ಜಾರಿಗೆ ಬಂದವು. ಬೆಂಗಳೂರಿನ ತಾರಸಿಗಳ ಮೇಲೆ ಸೌರ ಬಿಸಿನೀರಿನ ಹಂಡೆಗಳು ಕುಳಿತವು, ಬೆಳಗಾವಿ ಬಾಗಲಕೋಟೆಗಳ ಸಕ್ಕರೆ ಕಾರಖಾನೆಗಳು ವಿದ್ಯುತ್ತನ್ನು ಮಾರತೊಡಗಿದವು, ಎಲ್‌ಇಡಿ ದೀಪಗಳು ಗುಡಿಸಲನ್ನೂ ಮುಟ್ಟಿದವು. ಇವೆಲ್ಲ ಒಂದೇ ಯೋಜನೆಯ ಅಂಗಗಳಾಗಿ 1991ರಲ್ಲೇ ಆರಂಭವಾಗಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಲೆಕ್ಕ ಹಾಕುವ ಧೈರ್ಯ ನಮಗಿಲ್ಲ. ರೆಡ್ಡಿಯವರು 2006ರಲ್ಲಿ ತೀರಿಕೊಂಡರು.

ಯೋಜನೆ ಇಲ್ಲದಾಗ ಉಳಿಯುವುದು ಘೋಷಣೆ. ಮಂಗಳೂರಿಗೆ ಬರುತ್ತೇನೆಂದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ವರ್ಷಗಳ ಗದ್ದಲದ ನಂತರ 1999ರ ಕೊನೆಯಲ್ಲಿ ಹೊರಟುಹೋಯಿತು. ಮೈಸೂರು ಜಿಲ್ಲೆಯ ಚಾಮಲಾಪುರದ ಉಷ್ಣ ಸ್ಥಾವರ ರೈತರು ಬೀದಿಗಿಳಿದ ಮೇಲೆ ಕೈಬಿಟ್ಟುಹೋಯಿತು. ಉತ್ತರ ಕನ್ನಡದ ತದಡಿಯ ಬೃಹತ್ ಸ್ಥಾವರದ್ದೂ ಅದೇ ಗತಿ. ಪ್ರತಿಯೊಂದರಲ್ಲೂ ಸರಕಾರ ಒಂದು ಕಡೆ, ಊರವರು ಇನ್ನೊಂದು ಕಡೆ. ಇದು ಇಲ್ಲೇ ಏಕೆ, ಇಷ್ಟೇ ಏಕೆ, ಬೇರೆ ದಾರಿ ಇತ್ತೇ ಎಂದು ಮೊದಲೇ ಕೂತು ಮಾತಾಡಿದ ಜಾಗ ಮಾತ್ರ ಎಲ್ಲೂ ಇರಲಿಲ್ಲ. ಒಂದು ಅಪವಾದವುಂಟು. 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಮೇಲೆ ಶಿರಸಿಯಲ್ಲಿ ವಿಚಾರಸಂಕಿರಣ ನಡೆಯಿತು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ವಿಜ್ಞಾನಿಗಳನ್ನು ಕರೆಸಿ ಲಾಭನಷ್ಟದ ಲೆಕ್ಕವನ್ನು ಎದುರಿಗೇ ಹಾಕಿಸಿತು. ಮುಳುಗುವ ತೋಟ, ಕಾಡುಗಳ ಬೆಲೆ ಸೇರಿಸಿದಾಗ ಯೋಜನೆ ತೂಗಲಿಲ್ಲ. ಆ ಯೋಜನೆ ಅಲ್ಲಿಗೇ ನಿಂತಿತು. ತೋಟಗಾರರಿಗೆ ಸಾಧ್ಯವಾದದ್ದು ರಾಜ್ಯಕ್ಕೇಕೆ ಸಾಧ್ಯವಾಗಬಾರದು?

ನಾವು ನೆಲೆಸಿರುವ ಈ ಮಹಾರಾಷ್ಟ್ರವೂ ಪಾಠ ಕಲಿತದ್ದು ಸುಲಭವಾಗಿಯಲ್ಲ. ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತು ಬೇಕೆಂದು ಮುಳಶಿಯ ಮಾವಳ ರೈತರ ಭೂಮಿಯನ್ನು ಮುಳುಗಿಸಹೊರಟಾಗ 1921ರಲ್ಲಿ ಸೇನಾಪತಿ ಬಾಪಟರು ಸತ್ಯಾಗ್ರಹ ಹೂಡಿದರು, ಸೋತರು. ಭಾನುವಾರ ಮುಳಶಿಗೆ ವಿಹಾರಕ್ಕೆ ಹೋಗುವ ನಾವು ಆ ನೀರಿನ ಕೆಳಗೇನಿದೆ ಎಂದು ಕೇಳುವುದು ಕಡಿಮೆ. ಎಪ್ಪತ್ತು ವರ್ಷಗಳ ನಂತರ, 1992ರಲ್ಲಿ, ಎನ್ರಾನ್ ಕಂಪನಿ ದಾಭೋಳಕ್ಕೆ ಬಂತು. ರಾಜ್ಯಕ್ಕೆ ಎಷ್ಟು, ಯಾವ ಹೊತ್ತಿನ, ಯಾವ ಬೆಲೆಯ ವಿದ್ಯುತ್ತು ಬೇಕೆಂಬ ಸ್ವತಂತ್ರ ಲೆಕ್ಕ ಸರಕಾರದ ಕೈಯಲ್ಲಿರಲಿಲ್ಲ. ಆ ಲೆಕ್ಕವನ್ನು ಹಾಕಿದವರು ಪುಣೆಯ 'ಪ್ರಯಾಸ್' ಸಂಸ್ಥೆಯ ಗಿರೀಶ ಸಂತ, ಶಂತನು ದೀಕ್ಷಿತ್ ಮೊದಲಾದ ತರುಣ ಇಂಜಿನಿಯರರು. ಕರಾರನ್ನು ಸಾಲುಸಾಲಾಗಿ ಓದಿ, ಇದು ಹೊರಲಾರದ ಹೊರೆ ಎಂದು ಅವರು ತೋರಿಸಿದರು. 1995ರಲ್ಲಿ ರದ್ದಾದ ಕರಾರು ಮತ್ತೆ ಜೀವ ತಳೆದು, 1999ರಲ್ಲಿ ಸ್ಥಾವರ ಚಾಲೂ ಆಗಿ, 2001ರಲ್ಲಿ ನಿಂತೇಹೋಯಿತು. ರಾಜ್ಯ ವಿದ್ಯುತ್ ಮಂಡಳಿ ಅದರಿಂದ ಚೇತರಿಸಿಕೊಳ್ಳುವುದಕ್ಕೆ ಬಹುಕಾಲ ಹಿಡಿಯಿತು. ಇದೇ ಸಂಸ್ಥೆಯವರು ಮಹಾರಾಷ್ಟ್ರಕ್ಕೆ ಕನಿಷ್ಠ ವೆಚ್ಚದ ವಿದ್ಯುತ್ ಯೋಜನೆ ಹೇಗಿರಬೇಕೆಂದೂ ಬರೆದರು. ರೆಡ್ಡಿಯವರು ಬೆಂಗಳೂರಲ್ಲಿ ತೆರೆದ ದಾರಿಯಲ್ಲೇ ನಡೆದವರು ಅವರು.

2006ರ 'ಪುಣೆ ಮಾದರಿ' ನಮ್ಮ ಓದುಗರಲ್ಲಿ ಹಲವರಿಗೆ ನೆನಪಿರಬಹುದು. ದಿನಕ್ಕೆ ಗಂಟೆಗಟ್ಟಲೆ ಲೋಡ್‌ಶೆಡ್ಡಿಂಗ್ ಇದ್ದ ಕಾಲ. ನಗರಕ್ಕೆ ಬೇಕಿದ್ದದ್ದು ಹೊಸ ಸ್ಥಾವರವಲ್ಲ, ಬೇಡಿಕೆ ಏರುವ ಹೊತ್ತಿಗೆ ಸುಮಾರು 90 ಮೆಗಾವ್ಯಾಟ್ ಮಾತ್ರ. ಅಷ್ಟನ್ನು ಕೊಡಬಲ್ಲ ಸ್ವಂತ ಯಂತ್ರಗಳು ಕಾರಖಾನೆಗಳ ಅಂಗಳದಲ್ಲಿ ಮೊದಲೇ ಇದ್ದವು. ಆ ಹೊತ್ತಿಗೆ ಅವರು ತಮ್ಮ ಯಂತ್ರ ಓಡಿಸಿಕೊಂಡು ಜಾಲದ ವಿದ್ಯುತ್ತನ್ನು ಊರಿಗೆ ಬಿಟ್ಟುಕೊಡುವುದು, ಅವರ ಹೆಚ್ಚಿನ ಖರ್ಚನ್ನು ಸಣ್ಣ ಗ್ರಾಹಕರನ್ನು ಹೊರಗಿಟ್ಟು ಉಳಿದವರ ಬಿಲ್ಲಿನಲ್ಲಿ ಹಂಚುವುದು ಎಂಬ ಏರ್ಪಾಟಿಗೆ ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗ ಒಪ್ಪಿಗೆ ಕೊಟ್ಟಿತು. ಡೀಸೆಲ್ಲಿನ ಹೊಗೆಯ ಬಗ್ಗೆ ತಕರಾರು ಇರಬಹುದು, ನಮಗೂ ಇದೆ. ಆದರೂ ದೀಪ ನಂದಲಿಲ್ಲ. ಕೊರತೆ ಎಷ್ಟು ಹೊತ್ತಿನದು, ಎಷ್ಟು ಪ್ರಮಾಣದ್ದು ಎಂದು ತಿಳಿದವನಿಗೆ ಅರ್ಧ ಪರಿಹಾರ ಕೈಗೆ ಬಂದಂತೆ.

ಕರ್ನಾಟಕದಲ್ಲಿ ಈ ತಿಳಿವಳಿಕೆಯೇ ಹಂಚಿಹೋಗಿದೆ. ಉತ್ಪಾದನೆಗೆ 1970ರ ವಿದ್ಯುತ್ ನಿಗಮ, ಸಾಗಣೆಗೆ 1999ರ ಪ್ರಸರಣ ನಿಗಮ, ವಿತರಣೆಗೆ ಐದು ಕಂಪನಿಗಳು, ಹುಕ್ಕೇರಿಯಲ್ಲಿ ಒಂದು ಗ್ರಾಮೀಣ ಸಹಕಾರ ಸಂಘ, ಖರೀದಿಗೆ ಬೇರೊಂದು ಕಂಪನಿ, ಸೂರ್ಯ ಮತ್ತು ಗಾಳಿಗೆ ಮತ್ತೊಂದು, ದರಕ್ಕೆ ಆಯೋಗ. ಇವರೆಲ್ಲರ ಮೇಲೆ ಒಂದು ಕಣ್ಣಿಲ್ಲ. 2023ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯಂತೆ ಪ್ರತಿ ವಿತರಣಾ ಕಂಪನಿಯೂ ಹತ್ತು ವರ್ಷದ ಸಂಪನ್ಮೂಲ ಯೋಜನೆ ಮಾಡಬೇಕು. ಒಳ್ಳೆಯದೇ. ಆದರೆ ಆ ಯೋಜನೆ ಮೆಗಾವ್ಯಾಟುಗಳನ್ನು ಎಣಿಸುತ್ತದೆ, ಎಕರೆಗಳನ್ನಲ್ಲ. ನದಿಯನ್ನೂ ಕಾಡನ್ನೂ ಒಕ್ಕಲೆಬ್ಬಿಸಿದವರನ್ನೂ ಅಲ್ಲ.

ಎಣಿಕೆಯ ಮೊದಲ ಸಾಲೇ ಅಸ್ಪಷ್ಟ. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಮಿಕ್ಕ ಪಂಪ್‌ಸೆಟ್ಟುಗಳಿವೆ. ವಿದ್ಯುತ್ತಿನ ಮೂರನೆಯ ಒಂದು ಪಾಲಿನಷ್ಟು ಅಲ್ಲಿಗೆ ಹೋಗುತ್ತದೆಂದು ಅಂದಾಜು. ಅಂದಾಜು ಎನ್ನಲು ಕಾರಣ, ಬಹುತೇಕ ಪಂಪ್‌ಸೆಟ್ಟುಗಳಿಗೆ ಮೀಟರು ಇಲ್ಲ. ರೈತನಿಗೆ ಉಚಿತ ವಿದ್ಯುತ್ತು ಕೊಡಬಾರದೆಂದು ನಾವು ವಾದಿಸುವುದಿಲ್ಲ. ಹೊಲ ಬಿಟ್ಟು ಪುಣೆಗೆ ಬಂದವರು ಆ ಮಾತಾಡಿದರೆ ಅದು ಚೆಂದವೂ ಅಲ್ಲ. ಹಣ ಕೇಳುವ ಮೀಟರು ಬೇಡ, ಲೆಕ್ಕ ಹೇಳುವ ಮೀಟರು ಬೇಕು. ಇಲ್ಲವಾದರೆ ತಂತಿಯಲ್ಲಿ ಸೋರಿದ್ದು, ಕದ್ದದ್ದು ಎಲ್ಲವೂ ರೈತನ ಖಾತೆಗೆ ಜಮೆಯಾಗುತ್ತದೆ, ಬೈಗುಳವೂ ಅವನಿಗೇ. ಮಹಾರಾಷ್ಟ್ರ 2017ರಿಂದ ಕೃಷಿಯ ತಂತಿಮಾರ್ಗಗಳನ್ನು ಬೇರ್ಪಡಿಸಿ, ಉಪಕೇಂದ್ರದ ಹತ್ತಿರವೇ ಸೌರ ಘಟಕ ಕಟ್ಟಿ ಹಗಲಲ್ಲೇ ನೀರೆತ್ತಲು ವಿದ್ಯುತ್ತು ಕೊಡುವ ಯೋಜನೆಯನ್ನು ಹಿಡಿದಿದೆ. ಕರ್ನಾಟಕವೂ ಆ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. ಇದು ಎಷ್ಟು ಬೇಗ, ಯಾವ ತಾಲ್ಲೂಕಿನಿಂದ ಆರಂಭವಾಗಬೇಕೆಂಬುದು ಕಾರ್ಯಪಡೆಯ ಮೊದಲ ಕೆಲಸವಾಗಲಿ. ರೋಣಿಹಾಳದ ಮೊಸಳೆಗೆ ಉತ್ತರ ಅಲ್ಲಿದೆ.

ಎರಡನೆಯದು ಶರಾವತಿ. ತಲಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆತ್ತಿ ಕೆಳಗೆ ಬಿಡುವ 2,000 ಮೆಗಾವ್ಯಾಟಿನ ಯೋಜನೆ ಸರಕಾರದ ಮುಂದಿದೆ. ನಡುಹಗಲ ಸೌರ ವಿದ್ಯುತ್ತನ್ನು ಸಂಜೆಗೆ ಎತ್ತಿಡುವ ಅಗತ್ಯ ನಿಜ, ಅದನ್ನು ಅಲ್ಲಗಳೆಯುವವರು ಕಣ್ಣುಮುಚ್ಚಿಕೊಂಡವರು. ಆದರೆ ಇದು ಕೊಡುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ಉಣ್ಣುವ ಯಂತ್ರ, ಮತ್ತು ಇರುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಇದೇ ಕೆಲಸವನ್ನು ಬ್ಯಾಟರಿಗಳು ಎಷ್ಟಕ್ಕೆ ಮಾಡುತ್ತವೆ? ಹಗಲಲ್ಲಿ ಪಂಪು ಓಡಿಸಿದರೆ ಸಂಜೆಯ ಹೊರೆ ಎಷ್ಟು ಇಳಿಯುತ್ತದೆ? ಕಾಡಿಲ್ಲದ ಕಡೆ ಇಂಥ ಎರಡು ಕೆರೆ ಸಿಗುತ್ತವೆಯೇ? ಉತ್ತರಗಳು ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬಂದ ಮೇಲೆ ಯೋಜನೆಯೇ ಗೆದ್ದರೆ ಗೆಲ್ಲಲಿ. ಪಾವಗಡದಲ್ಲೂ ಹೀಗೆಯೇ. 13,000 ಎಕರೆಯನ್ನು ಕೊಳ್ಳದೆ, ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು ದೇಶಕ್ಕೇ ಮಾದರಿ ಎಂದರು. ಭೂಮಿಯಿದ್ದವರ ಮಟ್ಟಿಗೆ ಹೌದು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು, ಕುರಿ ಮೇಯಿಸುತ್ತಿದ್ದವರು ಯಾವ ಗುತ್ತಿಗೆಪತ್ರದಲ್ಲೂ ಇಲ್ಲ.

ಸಮಿತಿಗಳಿಂದ ಏನಾದೀತು ಎಂದು ಗೊಣಗುವವರಿದ್ದಾರೆ. ವರದಿ ಕೊಟ್ಟು ಮಲಗುವ ಸಮಿತಿಯಾದರೆ ಏನೂ ಆಗದು, 1987ರದ್ದೇ ಸಾಕ್ಷಿ. ಈ ಕಾರ್ಯಪಡೆಗೆ ಶಾಸನದ ಬಲವಿರಬೇಕು. ಎರಡು ವರ್ಷಕ್ಕೊಮ್ಮೆ ತನ್ನ ಅಂದಾಜನ್ನು ತಾನೇ ತಿದ್ದಿ ವಿಧಾನಮಂಡಲದ ಮುಂದಿಡಬೇಕು, ತನ್ನ ಹಳೆಯ ಅಂದಾಜು ಎಷ್ಟು ತಪ್ಪಿತ್ತೆಂಬುದನ್ನೂ ಸೇರಿಸಿ. ದೊಡ್ಡ ಯೋಜನೆ ಯಾವುದೂ ಅದರ ತಕ್ಕಡಿಯಲ್ಲಿ ತೂಗದೆ ಮುಂದಕ್ಕೆ ಹೋಗಬಾರದು. ಇಂಜಿನಿಯರರು, ಅರ್ಥಶಾಸ್ತ್ರಜ್ಞರು ಹೇಗೂ ಇರುತ್ತಾರೆ. ನೀರಾವರಿ ರೈತ, ಕಾಡಿನಂಚಿನ ಹೆಂಗಸು, ಮುಳುಗಡೆಯ ಊರಿನವ ಕೂಡ ಕೂರಬೇಕು.

ಮತ್ತೊಂದು ಮಾತು, ಇದು ಕನ್ನಡ ಸಂಘದ ಪತ್ರಿಕೆಯಾದ್ದರಿಂದ ಹೇಳಲೇಬೇಕಾದದ್ದು: ಲೆಕ್ಕ ಕನ್ನಡದಲ್ಲಿರಬೇಕು. ಇಂದು ಪರಿಸರ ಪರಿಣಾಮದ ವರದಿ ನೂರಾರು ಪುಟ ಇಂಗ್ಲಿಷಿನಲ್ಲಿ, ಊರವರ ಕೈಗೆ ಕೊಡುವುದು ಕನ್ನಡದ ಒಂದು ಸಾರಾಂಶ. ತನ್ನ ತೋಟ ಮುಳುಗುವುದೋ ಉಳಿಯುವುದೋ ಎಂಬುದನ್ನು ತನ್ನ ಭಾಷೆಯಲ್ಲಿ ಓದಲಾರದ ಪ್ರಜೆ ಅಹವಾಲು ಸಭೆಯಲ್ಲಿ ಕೂಗದೆ ಇನ್ನೇನು ಮಾಡಿಯಾನು? ರಾಜ್ಯೋತ್ಸವದಲ್ಲಿ ಭಾಷೆಯ ಮೇಲೆ ಭಾಷಣ ಬಿಗಿಯುವ ಸರಕಾರ ಮೆಗಾವ್ಯಾಟಿನ ಲೆಕ್ಕವನ್ನೂ ಆ ಭಾಷೆಯಲ್ಲಿ ಹೇಳಲು ಕಲಿಯಲಿ.

ಒಳನಾಡಿನ ವ್ಯವಹಾರದಲ್ಲಿ ಹೊರನಾಡಿನವರಿಗೇನು ಕೆಲಸ ಎಂದು ಕೇಳಿಯಾರು. ಪುಣೆಯಿಂದ ಬೆಳಗಾವಿಯ ಮೇಲೆ ಗೋವೆಗೆ ಹೋಗುವ ನಮ್ಮವರು ದಾರಿಯಲ್ಲಿ ರಾಮನಗರದಲ್ಲಿ ಚಹಕ್ಕೆ ಇಳಿಯುತ್ತಾರೆ. ಅದು ಸೂಪಾ ಮುಳುಗಿದಾಗ ಎದ್ದುಬಂದವರಿಗಾಗಿ ಆದ ಊರು. ಊರು ಬಿಡುವುದೆಂದರೇನು ಎಂದು ಅಲ್ಲಿಯವರಿಗೆ ಗೊತ್ತಿದೆ, ಬೇರೆ ಕಾರಣಕ್ಕೆ ಬಿಟ್ಟ ನಮಗೂ ಸ್ವಲ್ಪ ಗೊತ್ತಿದೆ. ನಮ್ಮ ಸದಸ್ಯರಲ್ಲಿ ವಿದ್ಯುತ್ ಇಂಜಿನಿಯರರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಪುಣೆ ಮಾದರಿಯನ್ನು ಕಾರಖಾನೆಯ ಒಳಗಿನಿಂದ ಕಂಡವರಿದ್ದಾರೆ. ಅವರು ತಮ್ಮ ಅನುಭವವನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಿ, ಬೆಂಗಳೂರಿಗೂ ಕಳಿಸುವೆವು.

ಕಾರ್ಯಪಡೆ ರಚನೆಯಾದಲ್ಲಿ ಅದರ ಮೊದಲ ಸಭೆ ವಿಧಾನಸೌಧದಲ್ಲಿ ಬೇಡ, ಶರಾವತಿಯ ಹಿನ್ನೀರಿನ ತುಮರಿಯಲ್ಲಿ ನಡೆಯಲಿ. 1964ರಲ್ಲಿ ಲಿಂಗನಮಕ್ಕಿ ತುಂಬಿದಂದಿನಿಂದ ಅಲ್ಲಿಯ ಜನ ರಾಜ್ಯಕ್ಕೆ ಬೆಳಕು ಕೊಟ್ಟ ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದರು. ಅವರಲ್ಲಿ ಹಲವರು ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ತಲೆಮಾರುಗಳಿಂದ ಅಲೆದಿದ್ದಾರೆ. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ತೆರೆದಿದೆ. ಅಧಿಕಾರಿಗಳ ಕಾರುಗಳು ಇನ್ನು ಲಾಂಚಿಗಾಗಿ ಕಾಯಬೇಕಾಗಿಲ್ಲ.